ಮುಳುಗುಗಾರ ವಿಲಿಯಂ ವಾಕರ್

ನಗರವಾಸಿಗಳಾದ ನಾವು ದಿನವೂ ಎತ್ತರದ ಕಟ್ಟಡಗಳನ್ನು ತಲೆಯೆತ್ತಿ ನೋಡುತ್ತೇವೆ. ಅವುಗಳ ತಳಪಾಯದ ವಿಚಾರ ನಮ್ಮ ಮನಸ್ಸಿಗೆ ಬರುವುದು ಅಪರೂಪ. ಅಂತಹ ತಳಪಾಯವೊಂದಕ್ಕಾಗಿ ಐದು ವರ್ಷ ಕತ್ತಲೆಯ ನೀರಿನಲ್ಲಿ ದುಡಿದ ವಿಲಿಯಂ ವಾಕರನ ಜೀವನವನ್ನು ಇಲ್ಲಿ ಅರಿಯೋಣ.

ವಾಕರನು 1869ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದನು. ಯೌವನದಲ್ಲಿಯೇ ಪೋರ್ಟ್ಸ್‌ಮತ್ ನೌಕಾನೆಲೆಯಲ್ಲಿ ಮುಳುಗುವ ವಿದ್ಯೆಯನ್ನು ಕಲಿತು, ಮುಂದೆ ಸೀಬ್ ಗೋರ್ಮನ್ ಕಂಪನಿಯ ಮುಳುಗುಗಾರರಲ್ಲಿ ಅಗ್ರಗಣ್ಯನೆನಿಸಿದನು.

ಆ ಕಾಲಕ್ಕೆ ವಿಂಚೆಸ್ಟರ್ ನಗರದ ಪುರಾತನ ಕ್ಯಾಥೆಡ್ರಲ್ ಕುಸಿಯುವ ಸ್ಥಿತಿಗೆ ಬಂದಿತ್ತು. 1079ರಲ್ಲಿ ಆರಂಭವಾದ ಆ ಭವ್ಯಮಂದಿರ ನಿಂತಿದ್ದುದು ಜೌಗುನೆಲದ ಮೇಲೆ. ಗೋಡೆಗಳು ವಾಲಿ ಬಿರುಕು ಬಿಟ್ಟಿದ್ದವು. ಗಟ್ಟಿನೆಲ ಸಿಗುವವರೆಗೆ ಗುಂಡಿ ತೋಡಿದರೆ ನೀರು ಉಕ್ಕಿ ತುಂಬುತ್ತಿತ್ತು. ನೀರನ್ನು ಪಂಪಿನಿಂದ ಎಳೆದರೆ ತಳದ ಮಣ್ಣೂ ಜೊತೆಗೆ ಬಂದು ಕಟ್ಟಡವೇ ಉರುಳುವ ಭಯ. ಆದುದರಿಂದ 1906ರಲ್ಲಿ ವಾಕರನನ್ನು ಕರೆಸಿದರು.

ಅವನ ಉಡುಪಿನ ತೂಕ ಸುಮಾರು 90 ಕಿಲೋಗ್ರಾಂ. ಇಷ್ಟು ಭಾರವೇಕೆಂದು ನಮಗೆ ಆಶ್ಚರ್ಯವಾಗಬಹುದು. ಮೇಲಿನಿಂದ ಕೊಳವೆಯ ಮೂಲಕ ಕಳುಹಿಸುವ ಗಾಳಿಯಿಂದ ಉಡುಪು ಉಬ್ಬಿ ಮನುಷ್ಯನನ್ನು ತೇಲಿಸುತ್ತದೆ. ಅದನ್ನು ತಡೆಯಲು ಎದೆಗೂ ಬೆನ್ನಿಗೂ ಸೀಸದ ತುಂಡುಗಳು ಬೇಕು. ಕಾಲಿಗೆ ಭಾರವಿಲ್ಲದಿದ್ದರೆ ಗಾಳಿ ಅಲ್ಲಿಗೆ ನುಗ್ಗಿ ದೇಹ ತಲೆಕೆಳಗಾಗುವ ಅಪಾಯವುಂಟು. ಅದಕ್ಕಾಗಿ ಸೀಸದ ಅಟ್ಟೆಯ ಬೂಟುಗಳು. ಭಾರ ಕಡಿಮೆಯಾದರೆ ನಿಲ್ಲಲಾಗದು, ಹೆಚ್ಚಾದರೆ ದುಡಿಯಲಾಗದು. ಉಡುಪನ್ನು ತೊಟ್ಟು ಬಿಚ್ಚಲು ಬಹಳ ಹೊತ್ತು ಹಿಡಿಯುತ್ತಿದ್ದುದರಿಂದ, ಊಟದ ವೇಳೆಯಲ್ಲಿ ವಾಕರನು ಶಿರಸ್ತ್ರಾಣವನ್ನು ಮಾತ್ರ ತೆಗೆಯುತ್ತಿದ್ದನು.

ಸುಮಾರು 6 ಮೀಟರ್ ಆಳದ ಆ ಕೆಸರುನೀರಿನಲ್ಲಿ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ದಿನಕ್ಕೆ ಆರು ಗಂಟೆ, ಕೈಯ ಸ್ಪರ್ಶವೊಂದನ್ನೇ ನಂಬಿ, ಅವನು ಕಾಂಕ್ರೀಟಿನ ಚೀಲಗಳನ್ನು ತಳದಲ್ಲಿ ಜೋಡಿಸಿ ನೀರಿನ ಒರತೆಯನ್ನು ಮುಚ್ಚಿದನು. ಬಳಿಕ ನೀರನ್ನು ಹೊರಹಾಕಿ ಇತರ ಕೆಲಸಗಾರರು ಗೋಡೆಗಳಿಗೆ ಆಧಾರ ಕಟ್ಟಿದರು. ಈ ಕಾರ್ಯಕ್ಕೆ 25,000ಕ್ಕೂ ಹೆಚ್ಚು ಚೀಲಗಳೂ ಸುಮಾರು 9 ಲಕ್ಷ ಇಟ್ಟಿಗೆಗಳೂ ಬೇಕಾದವು. 1911ರಲ್ಲಿ ವಾಕರನ ಕೆಲಸ ಮುಗಿಯಿತು. ಮರುವರ್ಷ ನಡೆದ ಕೃತಜ್ಞತಾಪೂಜೆಗೆ ದೊರೆ ಐದನೆಯ ಜಾರ್ಜನೇ ಬಂದನು. ವಾಕರನಿಗೆ ರಾಜಗೌರವವೂ ದೊರೆಯಿತು. ಆದರೆ 1918ರ ಇನ್‌ಫ್ಲುಯೆಂಜಾ ಮಹಾಮಾರಿಗೆ ಅವನು ಬಲಿಯಾದನು.

ವಿಧಿಯ ವಿಚಿತ್ರವನ್ನು ನೋಡಿರಿ! 1964ರಲ್ಲಿ ಅವನ ಸ್ಮರಣೆಗಾಗಿ ಇರಿಸಿದ ಪ್ರತಿಮೆಯಲ್ಲಿ, ಪ್ರಮಾದದಿಂದ, ಇಂಜಿನಿಯರ್ ಫ್ರಾನ್ಸಿಸ್ ಫಾಕ್ಸನ ಮುಖ ಮೂಡಿತ್ತು. 2001ರಲ್ಲಿ ವಾಕರನದೇ ಮುಖವುಳ್ಳ ಹೊಸ ಪ್ರತಿಮೆ ಬಂದಿತು. ಮುಖ ಮರೆತುಹೋದರೂ ಅವನು ಕತ್ತಲೆಯಲ್ಲಿ ಮಾಡಿದ ಕೆಲಸ ಕುಸಿಯಲಿಲ್ಲ. ಯಾರೂ ಕಾಣದ ಕಡೆಯಲ್ಲಿಯೂ ನಮ್ಮ ಕೆಲಸ ಹಾಗೆಯೇ ಗಟ್ಟಿಯಾಗಿರಲಿ.