ದ್ರಾಕ್ಷಿಯ ಕೆಂಪು, ಹಲಸಿನ ಹಳದಿ: ಬಣ್ಣಗಳ ಗುಟ್ಟು ಬಿಡಿಸಿದ ಕೆ. ವೆಂಕಟರಾಮನ್

ಮುಂಬೈನ ವಿಕ್ರೋಳಿ ರೈಲು ನಿಲ್ದಾಣದಿಂದ ಪೂರ್ವಕ್ಕೆ, ಗೋದ್ರೆಜ್ ಕಾರ್ಖಾನೆಗಳ ಆಚೆ, ಥಾಣೆ ಕ್ರೀಕ್‌ನ ಉದ್ದಕ್ಕೂ ದಟ್ಟವಾದ ಕಾಂಡ್ಲಾ ಕಾಡಿದೆ. ಕಾಂಡ್ಲಾ ಜಾತಿಯ ಮರಗಳ ತೊಗಟೆ ಬಹಳ ಒಗರು. ಆ ಒಗರಿಗೆ ಕಾರಣ ಟ್ಯಾನಿನ್. ಚರ್ಮ ಹದ ಮಾಡಲು, ಮೀನಿನ ಬಲೆಗೆ ಬಣ್ಣ ಕಟ್ಟಲು ಇಂಥ ತೊಗಟೆಯನ್ನು ಜನ ಹಿಂದಿನಿಂದ ಬಳಸುತ್ತಾ ಬಂದಿದ್ದಾರೆ.

ಒಗರು ನಮಗೇನೂ ಹೊಸದಲ್ಲ. ಮಲೆನಾಡಿನ ಅಡಿಕೆ ಬೆಳೆಗಾರರ ಮನೆಗಳಲ್ಲಿ ಹಸಿ ಅಡಿಕೆ ಬೇಯಿಸಿದ ನೀರು ಚೊಗರಾಗಿ, ಮತ್ತೆ ಅಡಿಕೆಗೇ ಕೆಂಪು ಬಣ್ಣ ಕೊಡುತ್ತದೆ. ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆಯ ಬೆಂಗಳೂರು ಬ್ಲೂ ದ್ರಾಕ್ಷಿಯ ಬೀಜ ಕಚ್ಚಿದರೂ ನಾಲಿಗೆ ಒಣಗಿದಂತಾಗುತ್ತದೆ. ಕಾಂಡ್ಲಾ ತೊಗಟೆ, ಅಡಿಕೆ, ದ್ರಾಕ್ಷಿ ಬೀಜ, ದ್ರಾಕ್ಷಿ ಸಿಪ್ಪೆಯ ಕಡು ನೇರಳೆ ಬಣ್ಣ ಇವೆಲ್ಲದರ ಹಿಂದೆ ಇರುವುದು ಒಂದೇ ದೊಡ್ಡ ಬಳಗ. ಅದರ ಹೆಸರು ಫೀನಾಲಿಕ್ ಸಂಯುಕ್ತಗಳು.

ವಿಕ್ರೋಳಿಯಲ್ಲಿ ಸೆಂಟ್ರಲ್ ಲೈನ್‌ನ ಸ್ಲೋ ಲೋಕಲ್ ಹತ್ತಿ ದಾದರ್ ಕಡೆಗೆ ಹೊರಟರೆ ಐದನೆಯ ನಿಲ್ದಾಣ ಮಾಟುಂಗ. ಮೈಸೂರು ಅಸೋಸಿಯೇಷನ್ ಇರುವ, ಉಡುಪಿ ಹೋಟೆಲುಗಳಿಗೆ ಹೆಸರಾದ ಈ ಬಡಾವಣೆ ಮುಂಬೈ ಕನ್ನಡಿಗರಿಗೆ ಚಿರಪರಿಚಿತ. ಈ ಫೀನಾಲಿಕ್ ಬಳಗದ ಒಂದು ಮುಖ್ಯ ಶಾಖೆಯನ್ನು ಪ್ರಯೋಗಾಲಯದಲ್ಲಿ ಕಟ್ಟುವ ಸುಲಭ ದಾರಿ ಕಂಡುಕೊಂಡ ಭಾರತೀಯ ವಿಜ್ಞಾನಿಯೊಬ್ಬರು ಎರಡು ದಶಕಕ್ಕೂ ಹೆಚ್ಚು ಕಾಲ ದುಡಿದ ಸಂಸ್ಥೆಯ ನೆಲೆ ಇದೇ ಮಾಟುಂಗ. ಅವರ ಹೆಸರು ಕೃಷ್ಣಸ್ವಾಮಿ ವೆಂಕಟರಾಮನ್.

ಮದ್ರಾಸಿನಿಂದ ಮ್ಯಾಂಚೆಸ್ಟರಿಗೆ

ವೆಂಕಟರಾಮನ್ ಹುಟ್ಟಿದ್ದು 1901ರ ಜೂನ್ 7ರಂದು, ಮದ್ರಾಸಿನಲ್ಲಿ. ತಂದೆ ಸಿವಿಲ್ ಎಂಜಿನಿಯರ್. ಅಲ್ಲಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದ ಅವರು 1923ರಲ್ಲಿ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಹೊರಟರು.

ಮ್ಯಾಂಚೆಸ್ಟರ್ ಬಟ್ಟೆ ಗಿರಣಿಗಳ ಊರು. ಬಟ್ಟೆ ಇದ್ದಲ್ಲಿ ಬಣ್ಣ ಬೇಕೇ ಬೇಕು. ವೆಂಕಟರಾಮನ್ ಮೊದಲು ಅಲ್ಲಿ ಕಲಿತದ್ದು ಬಣ್ಣಗಳ ರಸಾಯನಶಾಸ್ತ್ರ. ಆಮೇಲೆ ಅವರಿಗೆ ಗುರುವಾಗಿ ಸಿಕ್ಕವರು ರಾಬರ್ಟ್ ರಾಬಿನ್ಸನ್. ಮುಂದೆ 1947ರಲ್ಲಿ ನೊಬೆಲ್ ಪಡೆದ ರಾಬಿನ್ಸನ್ ಆಗ ಹೂವು ಹಣ್ಣುಗಳ ಬಣ್ಣದ ಬೆನ್ನು ಹತ್ತಿದ್ದರು. ದ್ರಾಕ್ಷಿ, ನೇರಳೆ, ದಾಸವಾಳಗಳಿಗೆ ಕೆಂಪು, ನೀಲಿ, ನೇರಳೆ ಬಣ್ಣ ಕೊಡುವುದು ಆಂಥೋಸಯನಿನ್ ಎಂಬ ಗುಂಪು. ಜರ್ಮನಿಯ ರಿಚರ್ಡ್ ವಿಲ್‌ಸ್ಟೇಟರ್ ಈ ಬಣ್ಣಗಳನ್ನು ಗಿಡಗಳಿಂದ ಬೇರ್ಪಡಿಸಿ ತೋರಿಸಿದ್ದರು. ಅದೇ ಅಣುಗಳನ್ನು ಪ್ರಯೋಗಾಲಯದಲ್ಲಿ ಕೈಯಾರೆ ಕಟ್ಟುವುದು ರಾಬಿನ್ಸನ್ ಹಿಡಿದ ಹಾದಿ.

ಆಂಥೋಸಯನಿನ್‌ಗೆ ತೀರಾ ಹತ್ತಿರದ ಸಂಬಂಧಿಗಳು ಫ್ಲೇವೋನ್‌ಗಳು. ಇವುಗಳ ಬಣ್ಣ ಹೆಚ್ಚಾಗಿ ಹಳದಿ. ಎರಡರಲ್ಲೂ 15 ಇಂಗಾಲದ ಪರಮಾಣುಗಳ ಒಂದೇ ಚೌಕಟ್ಟಿದೆ. ವೆಂಕಟರಾಮನ್ ಡಾಕ್ಟರೇಟ್ ಪಡೆದದ್ದು ರಾಬಿನ್ಸನ್ ಗರಡಿಯಲ್ಲೇ.

ಅಣು ಕಟ್ಟುವುದು ಏಕೆ?

ಇಂದು ಒಂದು ಅಣುವಿನ ರಚನೆ ತಿಳಿಯಲು ನಾನಾ ಯಂತ್ರಗಳಿವೆ. 1930ರ ದಶಕದಲ್ಲಿ ಅವಿರಲಿಲ್ಲ. ಗಿಡದಿಂದ ಒಂದು ವಸ್ತು ತೆಗೆದ ವಿಜ್ಞಾನಿ ಅದನ್ನು ಒಡೆದು ನೋಡಿ, ಅದರ ರಚನೆ ಹೀಗಿರಬಹುದು ಎಂದು ಊಹಿಸುತ್ತಿದ್ದ. ಊಹೆ ಸರಿಯೇ ಎಂದು ತಿಳಿಯಲು ಅದೇ ಅಣುವನ್ನು ಬೇರೆ ದಾರಿಯಲ್ಲಿ ಕಟ್ಟಬೇಕಿತ್ತು. ಕಟ್ಟಿದ್ದೂ ಗಿಡದ್ದೂ ಒಂದೇ ಉಷ್ಣತೆಯಲ್ಲಿ ಕರಗಿದರೆ, ಎರಡನ್ನೂ ಬೆರೆಸಿದಾಗಲೂ ಅದು ಬದಲಾಗದಿದ್ದರೆ ಊಹೆ ನಿಜ. ಹಾಗಾಗಿ ಕಟ್ಟುವ ವಿಧಾನ ಸುಲಭವಾದಷ್ಟೂ ಪ್ರಕೃತಿಯ ಗುಟ್ಟು ಬೇಗ ಬಿಡಿಸಬಹುದಿತ್ತು.

ರಾಬಿನ್ಸನ್ 1924ರಲ್ಲಿ ಕೊಟ್ಟ ವಿಧಾನ ಚೆನ್ನಾಗಿತ್ತು, ಆದರೆ ಅದಕ್ಕೆ ಜೋರು ಶಾಖ ಬೇಕಿತ್ತು.

ಲಾಹೋರಿನಲ್ಲಿ ಸಿಕ್ಕ ಸುಲಭ ದಾರಿ

1927ರಲ್ಲಿ ಭಾರತಕ್ಕೆ ಮರಳಿದ ವೆಂಕಟರಾಮನ್ ಸುಮಾರು ಒಂದು ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಬಳಿಕ ಲಾಹೋರಿನ ಫಾರ್ಮನ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಮುಂದೆ ಆರ್ಥಿಕ ಇತಿಹಾಸಕಾರ್ತಿಯಾಗಿ ಹೆಸರು ಮಾಡಿದ ಧರ್ಮಾ ಕುಮಾರ್ ಇವರ ಮಗಳು.

ಪಾಠ ಹೇಳುವುದೇ ಮುಖ್ಯವಾಗಿದ್ದ ಆ ಕಾಲೇಜಿನಲ್ಲಿ ವೆಂಕಟರಾಮನ್ ಮತ್ತು ಎಚ್.ಎಸ್. ಮಹಲ್ ಒಂದು ಅಚ್ಚರಿ ಕಂಡರು. ಆಮ್ಲಜನಕದ ಪರಮಾಣುವಿಗೆ ಅಂಟಿಕೊಂಡಿದ್ದ ಒಂದು ಗುಂಪು, ಪ್ರತ್ಯಾಮ್ಲದ ಸಮ್ಮುಖದಲ್ಲಿ ಅಲ್ಲಿಂದ ಬಿಡಿಸಿಕೊಂಡು ಹತ್ತಿರದ ಇಂಗಾಲಕ್ಕೆ ಜಾರುತ್ತಿತ್ತು. ಹಾಗೆ ಸಿಕ್ಕ ವಸ್ತುವಿಗೆ ಆಮ್ಲ ಸೇರಿಸಿದರೆ ಅದು ಉಂಗುರದಂತೆ ಮಡಚಿಕೊಂಡು ಫ್ಲೇವೋನ್ ಆಗುತ್ತಿತ್ತು. ಗುಂಪು ಜಾರುವ ಮುಖ್ಯ ಹೆಜ್ಜೆಗೆ ಕೋಣೆಯ ಉಷ್ಣತೆಯೇ ಸಾಕಾಗಿತ್ತು.

ಇದರ ಮೊದಲ ವರದಿ 1933ರಲ್ಲಿ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬಂತು. ಅದೇ ವರ್ಷ ಆಕ್ಸ್‌ಫರ್ಡ್‌ನ ವಿಲ್ಸನ್ ಬೇಕರ್ ಕೂಡ ಸ್ವತಂತ್ರವಾಗಿ ಇದೇ ಕ್ರಿಯೆಯನ್ನು ಪ್ರಕಟಿಸಿದರು. ಹೀಗಾಗಿ ಇಬ್ಬರ ಹೆಸರೂ ಉಳಿಯಿತು. ಜಗತ್ತಿನ ರಸಾಯನಶಾಸ್ತ್ರ ವಿದ್ಯಾರ್ಥಿಗಳು ಇಂದಿಗೂ ಇದನ್ನು ಬೇಕರ್-ವೆಂಕಟರಾಮನ್ ಮರುಜೋಡಣೆ ಎಂದೇ ಓದುತ್ತಾರೆ. ಭಾರತೀಯನೊಬ್ಬನ ಹೆಸರು ಹೊತ್ತ ರಾಸಾಯನಿಕ ಕ್ರಿಯೆಗಳು ಕೆಲವೇ ಕೆಲವು, ಅವುಗಳಲ್ಲಿ ಇದೊಂದು.

ವೈನ್ ಬಾಟಲಿಯೊಳಗೆ ನಡೆಯುವುದೇನು?

ವೆಂಕಟರಾಮನ್ ಅವರ ಕ್ಷೇತ್ರ ಬಣ್ಣ, ವೈನ್ ಅಲ್ಲ. ಆದರೆ ಅವರು ಕೈಯಾಡಿಸಿದ ಅಣುಗಳ ಬಳಗ ಏನೆಲ್ಲ ಮಾಡಬಲ್ಲದು ಎಂಬುದಕ್ಕೆ ವೈನ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಸಾಮಾನ್ಯವಾಗಿ ಕಪ್ಪು ದ್ರಾಕ್ಷಿಯ ಬಣ್ಣ ಇರುವುದು ಸಿಪ್ಪೆಯಲ್ಲಿ, ರಸದಲ್ಲಲ್ಲ. ಕೆಂಪು ವೈನ್ ಮಾಡುವಾಗ ರಸವನ್ನು ಸಿಪ್ಪೆ, ಬೀಜಗಳ ಜೊತೆಗೇ ಹುಳಿಯಲು ಬಿಡುತ್ತಾರೆ. ಆಗ ಸಿಪ್ಪೆಯಿಂದ ಆಂಥೋಸಯನಿನ್, ಸಿಪ್ಪೆ ಮತ್ತು ಬೀಜ ಎರಡರಿಂದಲೂ ಟ್ಯಾನಿನ್ ರಸಕ್ಕೆ ಇಳಿಯುತ್ತವೆ. ಫ್ಲೇವೋನ್‌ನ ಹತ್ತಿರದ ನೆಂಟ ಕ್ವೆರ್ಸೆಟಿನ್ ಕೂಡ ಸಿಪ್ಪೆಯಿಂದ ಬರುತ್ತದೆ. ಬಳ್ಳಿಯಲ್ಲಿದ್ದಾಗ ಹಣ್ಣನ್ನು ಬಿಸಿಲಿನ ಅತಿನೇರಳೆ ಕಿರಣದಿಂದ ಕಾಯುವ ಇದು, ವೈನ್‌ನಲ್ಲಿ ಆಂಥೋಸಯನಿನ್ ಜೊತೆ ಸೇರಿ ಬಣ್ಣವನ್ನು ಗಾಢವಾಗಿಸುತ್ತದೆ.

ಆಂಥೋಸಯನಿನ್ ಹುಳಿಯಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ. ಬಟ್ಟೆಗೆ ತಾಗಿದ ನೇರಳೆ ಹಣ್ಣಿನ ಕಲೆ ಸೋಪು ಹಚ್ಚಿದ ಕೂಡಲೇ ನೀಲಿಗೆ ತಿರುಗುವುದು ಇದೇ ಕಾರಣಕ್ಕೆ.

ಹೊಸ ಕೆಂಪು ವೈನ್ ನೇರಳೆ ಮಿಶ್ರಿತ ಕೆಂಪಾಗಿ, ತುಂಬಾ ಒಗರಾಗಿರುತ್ತದೆ. ಟ್ಯಾನಿನ್ ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನುಗಳನ್ನು ಹಿಡಿದುಕೊಳ್ಳುವುದರಿಂದ ಬಾಯಿಯ ಜಾರುತನ ಹೋಗಿ ಒಣಗಿದಂತೆ ಅನಿಸುತ್ತದೆ. ವರ್ಷಗಳು ಕಳೆದಂತೆ ಬಿಡಿಬಿಡಿಯಾಗಿದ್ದ ಆಂಥೋಸಯನಿನ್‌ಗಳು ಟ್ಯಾನಿನ್‌ಗಳ ಜೊತೆ ಹೆಣೆದುಕೊಳ್ಳುತ್ತವೆ. ಪೀಪಾಯಿಯ ಮರದ ಮೂಲಕ, ಬಾಟಲಿಯ ಬಿರಡೆಯ ಮೂಲಕ ಅತಿ ನಿಧಾನವಾಗಿ ಒಳಸೇರುವ ಆಮ್ಲಜನಕ ಈ ಹೆಣಿಗೆಗೆ ನೆರವಾಗುತ್ತದೆ. ಓಕ್ ಮರದ ಪೀಪಾಯಿ ತನ್ನದೇ ಟ್ಯಾನಿನ್ ಅನ್ನೂ ಸೇರಿಸುತ್ತದೆ.

ಹೀಗೆ ಹುಟ್ಟಿದ ದೊಡ್ಡ ಅಣುಗಳ ಬಣ್ಣ ಹೆಚ್ಚು ಗಟ್ಟಿ. ನೇರಳೆ ಛಾಯೆ ಕಳೆದು ವೈನ್ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ತೀರಾ ದೊಡ್ಡದಾದ ಅಣುಗಳು ದ್ರವದಲ್ಲಿ ನಿಲ್ಲಲಾರದೆ ತಳಕ್ಕೆ ಗಸಿಯಾಗಿ ಇಳಿಯುತ್ತವೆ. ಒಗರು ಮೆದುವಾಗುತ್ತದೆ. ಹಳೆಯ ವೈನ್ ಅನ್ನು ಅಲುಗಿಸದೆ ಮೆಲ್ಲಗೆ ಬಗ್ಗಿಸುವುದು ಈ ಗಸಿ ಕದಡದಿರಲಿ ಎಂದು. ಹಾಗಂತ ಎಲ್ಲ ವೈನೂ ಇಟ್ಟಷ್ಟು ಒಳ್ಳೆಯದಾಗುವುದಿಲ್ಲ. ಫೀನಾಲಿಕ್ ಅಂಶ ಕಡಿಮೆ ಇದ್ದರೆ, ಗಾಳಿ ಹೆಚ್ಚು ತಾಗಿದರೆ ಅದು ಕೆಡುತ್ತದೆ.

ಬೊಂಬಾಯಿಯ ಕರೆ

1934ರಲ್ಲಿ ವೆಂಕಟರಾಮನ್ ಲಾಹೋರ್ ಬಿಟ್ಟು ಬೊಂಬಾಯಿಗೆ ಬಂದರು. ಬೊಂಬಾಯಿ ವಿಶ್ವವಿದ್ಯಾಲಯ ಹಿಂದಿನ ವರ್ಷವಷ್ಟೇ ರಾಸಾಯನಿಕ ತಂತ್ರಜ್ಞಾನ ವಿಭಾಗ ಆರಂಭಿಸಿತ್ತು. ಯುಡಿಸಿಟಿ ಎಂದೇ ಹೆಸರಾದ ಆ ವಿಭಾಗಕ್ಕೆ ರೀಡರ್ ಆಗಿ ಸೇರಿದ ಅವರು 1938ರಲ್ಲಿ ಅದರ ಮೊದಲ ಭಾರತೀಯ ಮುಖ್ಯಸ್ಥರಾದರು. ಎರಡನೇ ಮಹಾಯುದ್ಧದ ನಡುವೆಯೇ, 1943ರಲ್ಲಿ, ವಿಭಾಗ ಮಾಟುಂಗದ ಸ್ವಂತ ಆವರಣಕ್ಕೆ ಬಂತು.

ಆಗಿನ ಬೊಂಬಾಯಿ ಗಿರಣಿಗಳ ನಗರ. ಹತ್ತಿ ನಮ್ಮದು, ನೇಯುವ ಕೈ ನಮ್ಮದು, ಬಣ್ಣ ಮಾತ್ರ ಹೊರಗಿನದು. ಒಂದು ಕಾಲದಲ್ಲಿ ನೀಲಿಯನ್ನು ಜಗತ್ತಿಗೆ ಮಾರಿದ ದೇಶ ಭಾರತ. 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದ ಮೇಲೆ ಆ ಬೆಳೆ ಕುಸಿಯಿತು. ನಂತರ ನಮ್ಮ ಗಿರಣಿಗಳು ಜರ್ಮನಿ, ಸ್ವಿಟ್ಜರ್ಲೆಂಡ್, ಇಂಗ್ಲೆಂಡಿನ ಡಬ್ಬಗಳಿಗಾಗಿ ಕಾಯಬೇಕಾಯಿತು. ಯುದ್ಧ ಬಂದರೆ ಆ ಡಬ್ಬಗಳೂ ಬರುತ್ತಿರಲಿಲ್ಲ.

ಕೊರತೆ ಇದ್ದದ್ದು ಬಂಡವಾಳದ್ದಷ್ಟೇ ಅಲ್ಲ, ಬಣ್ಣದ ಅಣುವನ್ನು ಬಲ್ಲವರದ್ದು. ಗಿಡಗಳ ಬಣ್ಣದ ಶುದ್ಧ ವಿಜ್ಞಾನದಲ್ಲಿ ಹೆಸರು ಮಾಡಿದ್ದ ವೆಂಕಟರಾಮನ್ ಅದರಲ್ಲೇ ಉಳಿಯಬಹುದಿತ್ತು. ಅವರು ಅದನ್ನು ಬಿಡಲಿಲ್ಲ, ಆದರೆ ಗಿರಣಿಗೆ ಬೇಕಾದ ಬಣ್ಣಗಳ ಕಡೆಗೂ ತಿರುಗಿದರು. ಆ ವಿದ್ಯೆ ಬಲ್ಲ ಒಂದು ಪೀಳಿಗೆಯನ್ನೇ ಮಾಟುಂಗದಲ್ಲಿ ತಯಾರು ಮಾಡಿದರು. ಸ್ವಾತಂತ್ರ್ಯಾನಂತರ ದೇಶದಲ್ಲಿ ಬಣ್ಣದ ಕಾರ್ಖಾನೆಗಳು ಏಳುವ ಹೊತ್ತಿಗೆ ಕೆಲಸ ಗೊತ್ತಿದ್ದವರು ಸಿದ್ಧರಿದ್ದರು.

1952ರಲ್ಲಿ ಅವರ 'ದಿ ಕೆಮಿಸ್ಟ್ರಿ ಆಫ್ ಸಿಂಥೆಟಿಕ್ ಡೈಸ್' ಗ್ರಂಥದ ಮೊದಲ ಎರಡು ಸಂಪುಟಗಳು ಬಂದವು. 1970ರ ದಶಕದ ಹೊತ್ತಿಗೆ ಅವು ಎಂಟಾದವು. ಬಣ್ಣವನ್ನು ಪರದೇಶದಿಂದ ತರಿಸಿಕೊಳ್ಳುತ್ತಿದ್ದ ದೇಶದ ಅಧ್ಯಾಪಕರೊಬ್ಬರ ಗ್ರಂಥವನ್ನು ಬಣ್ಣ ಮಾರುತ್ತಿದ್ದ ದೇಶಗಳವರೂ ಓದಿದರು.

ಪುಣೆಯಲ್ಲಿ ಹಲಸು, ಹಿಪ್ಪುನೇರಳೆ, ಅರಗು

ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ 1950ರಲ್ಲಿ ಆರಂಭವಾದಾಗ ಅದರ ಚುಕ್ಕಾಣಿ ವಿದೇಶಿ ವಿಜ್ಞಾನಿಗಳ ಕೈಯಲ್ಲಿತ್ತು. ಮೊದಲು ಮೆಕ್‌ಬೇನ್, ಆಮೇಲೆ ಎವರೆಸ್ಟ್ ಆರೋಹಣಕ್ಕೂ ಹೆಸರಾದ ಜಾರ್ಜ್ ಫಿಂಚ್. 1957ರಲ್ಲಿ ವೆಂಕಟರಾಮನ್ ಅದರ ಮೊದಲ ಭಾರತೀಯ ನಿರ್ದೇಶಕರಾದರು. 1961ರಲ್ಲಿ ಪದ್ಮಭೂಷಣ ಬಂತು. 1966ರಲ್ಲಿ ಅವರು ಹುದ್ದೆಯಿಂದ ಇಳಿದಾಗ ಆ ಕುರ್ಚಿಗೆ ಬಂದವರು ಮಾಟುಂಗದಲ್ಲಿ ಅವರ ಶಿಷ್ಯರಾಗಿದ್ದ ಬಿ.ಡಿ. ತಿಲಕ್.

ಆಡಳಿತದ ನಡುವೆಯೂ ಅವರು ಹಳೆಯ ಪ್ರೀತಿ ಮರೆಯಲಿಲ್ಲ. ಹಲಸಿನ ಮರದ ಚೇಗು ಹಳದಿಯಾಗಿರುವುದನ್ನು ನಮ್ಮ ಬಡಗಿಗಳೆಲ್ಲ ಬಲ್ಲರು. ಬೌದ್ಧ ಭಿಕ್ಷುಗಳ ಕಾವಿಗೆ ಬಣ್ಣ ಕಟ್ಟಲು ಆ ಚೇಗು ಬಳಕೆಯಲ್ಲಿತ್ತು. ವೆಂಕಟರಾಮನ್ ಮತ್ತು ಅವರ ಶಿಷ್ಯರು ಅದರಿಂದ ಹೊಸ ಫ್ಲೇವೋನ್‌ಗಳನ್ನು ಬೇರ್ಪಡಿಸಿ ರಚನೆ ತಿಳಿಸಿದರು. ರೇಷ್ಮೆ ಹುಳುವಿಗೆ ಸೊಪ್ಪು ಕೊಡುವ ಹಿಪ್ಪುನೇರಳೆಯ ತೊಗಟೆಯನ್ನೂ ಪರೀಕ್ಷಿಸಿದರು. ಅರಗಿನ ಕೆಂಪು ಬಣ್ಣದ ರಚನೆಯನ್ನು ಬಿಡಿಸಿದ ಕೆಲಸದಲ್ಲೂ ಅವರ ತಂಡದ ಪಾಲಿದೆ. ಆ ತಂಡದಲ್ಲಿದ್ದ ಎ.ವಿ. ರಾಮರಾವ್ ಮುಂದೆ ದೇಶದ ಹೆಸರಾಂತ ಔಷಧ ರಸಾಯನಶಾಸ್ತ್ರಜ್ಞರಾದರು.

ಉಳಿದದ್ದೇನು?

1981ರಲ್ಲಿ ವೆಂಕಟರಾಮನ್ ನಿಧನರಾದರು. ಮಾಟುಂಗದ ಯುಡಿಸಿಟಿ ಇಂದು ಐಸಿಟಿ. ಅಲ್ಲಿ ಓದಿದ ಅಂಜಿ ರೆಡ್ಡಿ, ಮುಕೇಶ್ ಅಂಬಾನಿ ಹೆಸರು ಎಲ್ಲರಿಗೂ ಗೊತ್ತು. ಆ ಸಂಸ್ಥೆಯನ್ನು ಮೊದಲ ದಶಕಗಳಲ್ಲಿ ಗಟ್ಟಿಯಾಗಿ ನಿಲ್ಲಿಸಿದವರ ಹೆಸರು ರಸಾಯನಶಾಸ್ತ್ರ ಓದದವರಿಗೆ ಅಷ್ಟಾಗಿ ತಿಳಿಯದು.

ಆದರೆ ಅವರ ವಿಧಾನಕ್ಕೆ ಕೆಲಸ ತಪ್ಪಿಲ್ಲ. ಗಿಡದಿಂದ ಹೊಸ ಫ್ಲೇವೋನ್ ಸಿಕ್ಕಾಗ, ಅದರಿಂದ ಔಷಧ ಮಾಡಬಹುದೇ ಎಂದು ಹುಡುಕುವವರು ಇಂದಿಗೂ ಲಾಹೋರಿನ ಕಾಲೇಜಿನಲ್ಲಿ ಕಂಡ ಆ ಕ್ರಿಯೆಯ ಮೊರೆ ಹೋಗುತ್ತಾರೆ. ವಿಕ್ರೋಳಿಯ ಕಾಂಡ್ಲಾ ತೊಗಟೆಯಲ್ಲಿ, ಮಲೆನಾಡಿನ ಚೊಗರಿನಲ್ಲಿ, ದೇವನಹಳ್ಳಿಯ ದ್ರಾಕ್ಷಿ ಸಿಪ್ಪೆಯಲ್ಲಿ ಇರುವ ಬಳಗವನ್ನು ಅರಿಯಲು ಅವರು ತೆರೆದ ಬಾಗಿಲು ಈಗಲೂ ತೆರೆದೇ ಇದೆ.