ಡಾಕ್ಟರ್ ಲಿಮ್ ಬೂನ್ ಕೆಂಗ್

ಪರರ ಆಳ್ವಿಕೆಯಲ್ಲಿ ಹುಟ್ಟಿ, ಪರಭಾಷೆಯಲ್ಲಿ ವಿದ್ಯೆ ಕಲಿತು, ಆಳುವವರಿಂದಲೇ ಮನ್ನಣೆ ಪಡೆದವನು ತನ್ನ ಪೂರ್ವಿಕರ ಸಂಸ್ಕೃತಿಗೆ ಎರವಾಗದೆ ಉಳಿಯುವ ಬಗೆ ಹೇಗೆ? ಈ ಪ್ರಶ್ನೆಯೊಡನೆ ಜೀವಮಾನವೆಲ್ಲ ಸೆಣಸಿದ ಸಿಂಗಾಪುರದ ಡಾಕ್ಟರ್ ಲಿಮ್ ಬೂನ್ ಕೆಂಗ್ ಅವರ ಚರಿತ್ರೆಯು ವಾಚಕರ ಮನನಕ್ಕೆ ಯೋಗ್ಯವೆಂದು ನಾವು ಭಾವಿಸುತ್ತೇವೆ.

ಇವರು ಜನಿಸಿದುದು 1869ರಲ್ಲಿ. ಇವರ ಅಜ್ಜ ಚೀನದ ಫೂಜಿಯನ್ ಪ್ರಾಂತದಿಂದ ವಲಸೆ ಬಂದವರು. ಹೀಗೆ ಬಂದು ನೆಲೆನಿಂತ ಅನೇಕ ಮನೆತನಗಳಲ್ಲಿ ಮಲಯ ಭಾಷೆಯು ಮನೆಮಾತಾಗಿಯೂ ಇಂಗ್ಲಿಷು ಏಳಿಗೆಯ ಮೆಟ್ಟಲಾಗಿಯೂ ಪರಿಣಮಿಸಿತ್ತು. 1887ರಲ್ಲಿ ಇವರು ಬ್ರಿಟಿಷ್ ರಾಣಿಯ ಹೆಸರಿನ ವಿದ್ಯಾರ್ಥಿವೇತನವನ್ನು ಪಡೆದ ಮೊದಲ ಚೀನೀಯರೆನಿಸಿ, ವೈದ್ಯವಿದ್ಯೆಗಾಗಿ ಎಡಿನ್‌ಬರೋ ನಗರಕ್ಕೆ ತೆರಳಿದರು. ಅಲ್ಲಿ ಅಧ್ಯಾಪಕರೊಬ್ಬರು ಚೀನೀ ಬರೆಹದ ಸುರುಳಿಯೊಂದನ್ನು ಕೊಟ್ಟು ಅರ್ಥ ಹೇಳೆಂದು ಕೇಳಲು, ಓದಲಾರದೆ ತಲೆತಗ್ಗಿಸಬೇಕಾಯಿತು. ಆ ನಾಚಿಕೆಯೇ ಇವರ ಎರಡನೆಯ ಅಕ್ಷರಾಭ್ಯಾಸಕ್ಕೆ ಕಾರಣವಾಯಿತು.

1893ರಲ್ಲಿ ಸ್ವಸ್ಥಳಕ್ಕೆ ಮರಳಿ, ಎರಡು ವರ್ಷಗಳಲ್ಲಿಯೇ ಶಾಸನಸಭೆಯ ಸದಸ್ಯರಾದರು. 1897ರಲ್ಲಿ ಸಾಂಗ್ ಓಂಗ್ ಸಿಯಾಂಗ್ ಅವರೊಡಗೂಡಿ ಪತ್ರಿಕೆಯನ್ನು ಹೊರಡಿಸಿದರು. 1899ರಲ್ಲಿ ಚೀನೀ ಬಾಲಿಕೆಯರ ಪಾಠಶಾಲೆಯ ಸ್ಥಾಪನೆಗೆ ನೆರವಾದರು. ಮಂಚೂ ಅರಸರು ಹೇರಿದ ಜಡೆಯನ್ನು ಕತ್ತರಿಸಬೇಕೆಂದವರೂ ಇವರೇ, ಕನ್‌ಫ್ಯೂಷಿಯಸನ ನೀತಿಯನ್ನು ಕೈಬಿಡಬಾರದೆಂದವರೂ ಇವರೇ. ಆದರೂ 1900ರಲ್ಲಿ ಬ್ರಿಟಿಷ್ ರಾಜನಿಷ್ಠೆಯನ್ನು ಸಾರಿದ ಚೀನೀಯರ ಸಂಘವನ್ನು ಕಟ್ಟಿದವರಲ್ಲಿಯೂ ಇವರಿದ್ದರು.

ಸಿಂಗಾಪುರದ ವರ್ತಕ ತಾನ್ ಕಾ ಕೀ ತಮ್ಮ ದ್ರವ್ಯದಿಂದ ಚೀನದ ಷಿಯಾಮೆನ್‌ನಲ್ಲಿ ಸ್ಥಾಪಿಸಿದ ವಿಶ್ವವಿದ್ಯಾನಿಲಯವನ್ನು ಲಿಮ್ ಅವರು 1921ರಿಂದ 1937ರವರೆಗೆ ನಡೆಸಿದರು. ಅಲ್ಲಿ ಕೆಲಕಾಲ ಅಧ್ಯಾಪಕರಾಗಿದ್ದ ಪ್ರಖ್ಯಾತ ಲೇಖಕ ಲೂ ಷುನ್ ಅವರಿಗೆ ಇವರ ಕನ್‌ಫ್ಯೂಷಿಯಸ್ ಭಕ್ತಿಯು ಹಿಡಿಸಲಿಲ್ಲ. ಪೂರ್ವಿಕರ ನಾಡಿನಲ್ಲಿಯೂ ಇವರು ಅರೆಪಾಲು ಪರಕೀಯರೇ ಆದರು. 1929ರಲ್ಲಿ ಇವರು ಪ್ರಾಚೀನ ಚೀನೀ ಕಾವ್ಯ ‘ಲೀ ಸಾವ್’ ಅನ್ನು ಇಂಗ್ಲಿಷಿಗೆ ತಂದಾಗ, ನಮ್ಮ ರವೀಂದ್ರನಾಥ ಠಾಕೂರರು ಅದಕ್ಕೆ ಮುನ್ನುಡಿಯನ್ನಿತ್ತರು.

1942ರಲ್ಲಿ ಸಿಂಗಾಪುರವು ಜಪಾನೀಯರ ವಶವಾಯಿತು. ಎಪ್ಪತ್ತು ದಾಟಿದ್ದ ಈ ವೃದ್ಧರನ್ನು ಅವರು ಬಲವಂತದಿಂದ ಚೀನೀಯರ ಸಂಘವೊಂದರ ಮುಖ್ಯಸ್ಥರನ್ನಾಗಿಸಿ, ಮಲಯದ ಚೀನೀಯರಿಂದ 5 ಕೋಟಿ ಡಾಲರುಗಳ ಕಾಣಿಕೆಯನ್ನು ಕೇಳಿದರು. ಯುದ್ಧಾನಂತರ ಕೆಲವರು ಇವರನ್ನೇ ದೂಷಿಸಿದರು. 1957ರ ಜನವರಿ 1ರಂದು ಇವರು ಕಾಲವಾದರು.

ಇವರ ರಾಜನಿಷ್ಠೆಯನ್ನು ನಾವು ಮೆಚ್ಚಲಾರೆವು. ಅದನ್ನು ಮರೆಮಾಚುವುದೂ ಸಲ್ಲದು. ಇವರು ನೆಚ್ಚಿದ ಸಾಮ್ರಾಜ್ಯವು ಆಪತ್ಕಾಲದಲ್ಲಿ ಇವರನ್ನು ಕಾಯಲಿಲ್ಲ. ನಾಚಿಕೆಪಟ್ಟು ಕಲಿತ ಪೂರ್ವಿಕರ ಅಕ್ಷರವು ಮಾತ್ರ ಕಡೆಯವರೆಗೂ ಕೈಬಿಡಲಿಲ್ಲ.