ಆಯ್ಲರ್ ಪರೀಕ್ಷಿಸಿದ ಸಂಖ್ಯೆ

ಎಂಟನೇ ತರಗತಿಯಲ್ಲಿ ನಮ್ಮ ಗಣಿತದ ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಎರಡರಿಂದ ನೂರರವರೆಗೆ ಬರೆದು, 2, 3, 5, 7ನ್ನು ಉಳಿಸಿಕೊಂಡು, ಅವುಗಳ ಮಗ್ಗಿಗೆ ಸಿಕ್ಕವನ್ನೆಲ್ಲ ಹೊಡೆದುಹಾಕಿಸಿದ್ದರು. ಉಳಿದವು ಅವಿಭಾಜ್ಯ ಸಂಖ್ಯೆಗಳು. ಇದರಿಂದ ಏನು ಪ್ರಯೋಜನ ಎಂದು ನಾವು ಹಿಂದಿನ ಬೆಂಚಿನವರು ಗೊಣಗಿದ್ದುಂಟು.

ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಬರೆದ ಪ್ರೋಗ್ರಾಂನ ಎಣಿಕೆ 2147483647ಕ್ಕೆ ತಲುಪಿ, ಮರುಕ್ಷಣ ಮೈನಸ್‌ಗೆ ಇಳಿದುಬಿಟ್ಟಿತು. 32 ಬಿಟ್‌ಗಳಲ್ಲಿ ಒಂದು ಚಿಹ್ನೆಗೆ ಹೋದರೆ ಉಳಿದ 31ರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಅದು. 31 ಎರಡುಗಳನ್ನು ಗುಣಿಸಿ ಒಂದು ಕಳೆದರೆ ಬರುತ್ತದೆ. ಅದು ಅವಿಭಾಜ್ಯವೂ ಹೌದು ಎಂದು 1772ರಲ್ಲೇ ತೋರಿಸಿದವರು ಲಿಯೊನಾರ್ಡ್ ಆಯ್ಲರ್. ಆಗ ಅವರಿಗೆ ಕಣ್ಣು ಹೆಚ್ಚುಕಡಿಮೆ ಕಾಣುತ್ತಿರಲಿಲ್ಲ.

ಆಯ್ಲರ್ 1707ರ ಏಪ್ರಿಲ್ 15ರಂದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. ಮಗನೂ ಪಾದ್ರಿಯಾಗಲಿ ಎಂಬುದು ತಂದೆಯ ಆಸೆ. ಹೆಸರಾಂತ ಗಣಿತಜ್ಞ ಯೋಹಾನ್ ಬರ್ನೂಲಿ ಅವರು ಶನಿವಾರ ಮಧ್ಯಾಹ್ನಗಳಲ್ಲಿ ಹುಡುಗನ ಸಂದೇಹಗಳನ್ನು ಬಿಡಿಸುತ್ತಿದ್ದರು, ಕಡೆಗೆ ತಂದೆಯನ್ನೂ ಒಪ್ಪಿಸಿದರು. ಇಪ್ಪತ್ತರ ವಯಸ್ಸಿಗೆ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ಅಕಾಡೆಮಿಯಲ್ಲಿ ಕೆಲಸ. ಮೂವತ್ತರ ಆಸುಪಾಸಿನಲ್ಲಿ ಬಲಗಣ್ಣು ಹೋಯಿತು. ನಡುವೆ 25 ವರ್ಷ ಬರ್ಲಿನ್‌ನಲ್ಲಿದ್ದು 1766ರಲ್ಲಿ ಮರಳಿ ಬಂದ ಮೇಲೆ ಎಡಗಣ್ಣಿಗೂ ಪೊರೆ ಕವಿಯಿತು. 1771ರಲ್ಲಿ ಮನೆಗೆ ಬೆಂಕಿ ಬಿತ್ತು. ಬಾಸೆಲ್‌ನವರೇ ಆದ ಪೀಟರ್ ಗ್ರಿಮ್ ಎಂಬ ಕುಶಲಕರ್ಮಿ ಅವರನ್ನು ಹೊತ್ತು ತಂದು ಉಳಿಸಿದರು. ಅದೇ ವರ್ಷ ಶಸ್ತ್ರಚಿಕಿತ್ಸೆಯಿಂದ ಬಂದ ದೃಷ್ಟಿ ಹೆಚ್ಚು ಕಾಲ ನಿಲ್ಲಲಿಲ್ಲ.

ಮರುವರ್ಷವೇ ಈ ಸಂಖ್ಯೆಯ ಲೆಕ್ಕ. ಇದರ ವರ್ಗಮೂಲ 46,340ಕ್ಕೆ ತುಸು ಹೆಚ್ಚು. ಅಲ್ಲಿಯವರೆಗಿನ ಯಾವ ಅವಿಭಾಜ್ಯವೂ ಇದನ್ನು ಭಾಗಿಸದು ಎಂದು ತೋರಿಸಬೇಕು. ಅಂಥವು 4,792 ಇವೆ. ಆಯ್ಲರ್ ಅಷ್ಟನ್ನೂ ಮುಟ್ಟಬೇಕಾಗಲಿಲ್ಲ. ಸಣ್ಣದೊಂದು ಉದಾಹರಣೆ ನೋಡಿ: 11 ಎರಡುಗಳನ್ನು ಗುಣಿಸಿ ಒಂದು ಕಳೆದರೆ 2047. ಅದು 23 × 89. ಈ ಎರಡರಿಂದಲೂ ಒಂದೊಂದು ಕಳೆಯಿರಿ, 22 ಮತ್ತು 88. ಎರಡೂ 22ರ ಮಗ್ಗಿಯಲ್ಲಿವೆ, 22 ಅಂದರೆ 11ರ ಎರಡರಷ್ಟು. ಹಾಗೆಯೇ 31ಕ್ಕೆ 62ರ ಮಗ್ಗಿ. ಜೊತೆಗೆ ಇನ್ನೊಂದು ನಿಯಮ ಸೇರಿಸಿದರೆ, 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರುವವನ್ನು ಮಾತ್ರ ನೋಡಿದರೆ ಸಾಕು. ಅಂಥವು ಸುಮಾರು 370. ಯಾವುದೂ ಭಾಗಿಸಲಿಲ್ಲ.

ಇದಕ್ಕಿಂತ ದೊಡ್ಡದನ್ನು ಮುಂದೆ ಯಾರೂ ಹುಡುಕಲಾರರು ಎಂದು ಇಂಗ್ಲೆಂಡಿನ ಗಣಿತಜ್ಞ ಪೀಟರ್ ಬಾರ್ಲೊ 1811ರಲ್ಲಿ ನಂಬಿದ್ದರು. ಕೈಲೆಕ್ಕದ ಕಾಲದಲ್ಲಿ ಅದು ತೀರ ಹುಚ್ಚು ಮಾತೇನಲ್ಲ, ಆದರೂ ಸುಳ್ಳಾಯಿತು.

ಕಣ್ಣು ಹೋದ ಮೇಲೆ ಆಯ್ಲರ್ ಬಾಯಲ್ಲಿ ಹೇಳುತ್ತಿದ್ದರು, ಮಗ ಮತ್ತು ಸಹಾಯಕರು ಬರೆದುಕೊಳ್ಳುತ್ತಿದ್ದರು. ಅವರ ಬರಹಗಳಲ್ಲಿ ಸುಮಾರು ಅರ್ಧದಷ್ಟು 1766ರ ನಂತರದವು. 1783ರ ಸೆಪ್ಟೆಂಬರ್ 18ರಂದು, ಆಗಷ್ಟೇ ಪತ್ತೆಯಾಗಿದ್ದ ಯುರೇನಸ್ ಗ್ರಹದ ಪಥದ ಬಗ್ಗೆ ಸಹೋದ್ಯೋಗಿ ಲೆಕ್ಸೆಲ್ ಅವರೊಂದಿಗೆ ಚರ್ಚಿಸಿದ ಮೇಲೆ ಕುಸಿದರು. ಅದೇ ರಾತ್ರಿ ತೀರಿಕೊಂಡರು.